ಕಣದಲ್ಲಿ ಎರಡು ಈಡು, ಆಮೇಲೆ ಆಡಿದ ಮಾತು: ಒಂದು ಪ್ರಕರಣ ಅಧ್ಯಯನ

ಚಿತ್ರದುರ್ಗದ ನ್ಯಾಯಾಲಯಗಳಲ್ಲಿ ಕ್ರಿಮಿನಲ್ ವಕಾಲತ್ತು ನಡೆಸಿಕೊಂಡು ಬಂದ ಇಷ್ಟು ವರ್ಷಗಳಲ್ಲಿ ಬಂದೂಕಿನ ಪ್ರಕರಣಗಳು ನನ್ನ ಕೈಗೆ ಬಂದದ್ದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಇದೊಂದನ್ನು ಬರೆದಿಡಲೇಬೇಕು ಎನ್ನಿಸಿತು. ಗುಂಡು ಹಾರಿದ್ದು ಅರ್ಧ ನಿಮಿಷದ ಮಾತು. ಅದಾದ ಮೇಲಿನ ಐದಾರು ಗಂಟೆಗಳಲ್ಲಿ ಯಾರು ಯಾರ ಮುಂದೆ ಏನು ಹೇಳಿದರು, ಏನು ಹೇಳದೆ ಬಿಟ್ಟರು ಎನ್ನುವುದೇ ಆ ಮನೆಯವರ ಹಣೆಬರಹವನ್ನು ಅತ್ತಿಂದಿತ್ತ ತೂಗಾಡಿಸಿತು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರು, ವಯಸ್ಸು, ಸಂಬಂಧಗಳಲ್ಲಿ ಕೆಲವನ್ನು ಬದಲಿಸಿದ್ದೇನೆ.

ಹಿನ್ನೆಲೆ

ಹೊಳಲ್ಕೆರೆ ತಾಲ್ಲೂಕಿನಲ್ಲಿ, ಚನ್ನಗಿರಿ ಗಡಿಯ ಕಡೆಗೆ ಒಂದು ಊರು. ಊರಿನಿಂದ ಒಂದೂವರೆ ಕಿಲೋಮೀಟರ್ ಒಳಗೆ ಅಡಿಕೆ ತೋಟ, ತೋಟದಲ್ಲೇ ಮನೆ. ಯಜಮಾನರಿಗೆ ಅರವತ್ತರ ಆಸುಪಾಸು. ಮನೆಯಲ್ಲಿ ಹೆಂಡತಿ ಮತ್ತು ಸೊಸೆ. ಮಗನಿಗೆ ಹೊರಗೆ ನೌಕರಿ. ಕಣದ ಪಕ್ಕದ ಶೆಡ್ಡಿನಲ್ಲಿ ಮಲಗುವ ಕಾವಲಿನ ಅಜ್ಜ ಮೂವತ್ತು ವರ್ಷದಿಂದ ಆ ಮನೆಯ ಅನ್ನ ಉಂಡವರು.

ಬಂದೂಕು ತಂದೆಯ ಕಾಲದ್ದು: ಹನ್ನೆರಡು ಬೋರಿನ ಜೋಡಿ ನಳಿಗೆ. ಬೆಳೆ ರಕ್ಷಣೆಗೆಂದು ಜಿಲ್ಲಾಧಿಕಾರಿಗಳ ಕಚೇರಿಯಿಂದ ಪರವಾನಗಿ ಇತ್ತು, ನವೀಕರಣವೂ ಆಗಿತ್ತು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ಇಟ್ಟುಕೊಳ್ಳುತ್ತಿದ್ದರು. ಆ ರಸೀದಿಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಜೋಪಾನ ಮಾಡಿದ್ದರು. ಜಾಮೀನಿನ ಅರ್ಜಿಗೆ ಆ ಡಬ್ಬ ಎಷ್ಟು ಕೆಲಸಕ್ಕೆ ಬಂತು ಎಂದು ನೆನೆದರೆ ಈಗಲೂ ಸಮಾಧಾನವಾಗುತ್ತದೆ.

ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬಂತಲ್ಲ, ಅದಾದ ಮೇಲಿನ ಮೊದಲ ಕೊಯ್ಲಿನ ಕಾಲ ಇದು. ಬೇಯಿಸಿದ ಅಡಿಕೆ ಕಣದ ತುಂಬ ಹರಡಿತ್ತು. ಒಣಗಿದ್ದನ್ನು ಚೀಲಕ್ಕೆ ತುಂಬಿ ಶೆಡ್ಡಿನ ಗೋಡೆಗೆ ಒಟ್ಟಿದ್ದರು. ಬೆಲೆ ಏರಿದ ವರ್ಷಗಳಲ್ಲಿ ಈ ಕಡೆಯ ತೋಟದವರು ಕಣದಲ್ಲಿ ಕಣ್ಣುಮುಚ್ಚಿ ಮಲಗುವುದಿಲ್ಲ.

ಆ ರಾತ್ರಿ

ಒಂದೂಮುಕ್ಕಾಲರ ಹೊತ್ತಿಗೆ ನಾಯಿ ಬೊಗಳಿತು. ನಾಲ್ವರು ಒಂದು ಸಣ್ಣ ಸರಕು ವಾಹನವನ್ನು ದೀಪ ಆರಿಸಿ ಕಣದವರೆಗೂ ತಂದಿದ್ದರು. ಎದ್ದು ಬಂದ ಅಜ್ಜನ ತಲೆಗೆ ಕಬ್ಬಿಣದ ರಾಡಿನಿಂದ ಬಿತ್ತು. ಕೂಗು ಕೇಳಿ ಯಜಮಾನರು ಬಂದೂಕು, ಬ್ಯಾಟರಿ ಹಿಡಿದು ಹೊರಗೆ ಬಂದರು. ಬೆಳಕು ಬಿಟ್ಟಾಗ ಕಂಡದ್ದು ಇಷ್ಟು: ಅಜ್ಜ ನೆಲದ ಮೇಲೆ, ಅವರ ಎದೆಯ ಹತ್ತಿರ ಕಾಲೂರಿ ನಿಂತ ಒಬ್ಬ, ಅವನ ಎತ್ತಿದ ಕೈಯಲ್ಲಿ ಮಚ್ಚು. “ಬಿಡು” ಎಂದು ಎರಡು ಸಲ ಕೂಗಿದರು. ಮಚ್ಚು ಕೆಳಗಿಳಿಯಲಿಲ್ಲ. ಸುಮಾರು 30 ಅಡಿ ದೂರದಿಂದ ಹಾರಿಸಿದರು. ಚರೆಗಳು ಅವನ ತೊಡೆಗೂ ಸೊಂಟಕ್ಕೂ ಹೊಕ್ಕು ಅಲ್ಲೇ ಕುಸಿದ.

ಉಳಿದ ಮೂವರು ವಾಹನ ಹತ್ತಿದರು. ವಾಹನ ತಿರುಗಿ ಬದುವಿನ ದಾರಿ ಹಿಡಿದಿತ್ತು. ಆಗ ಎರಡನೆಯ ಈಡು. ಅದು ವಾಹನದ ಹಿಂಬಾಗಿಲಿಗೆ ಬಡಿಯಿತು, ಯಾರಿಗೂ ತಾಗಲಿಲ್ಲ.

ಈ ಎರಡು ಗುಂಡುಗಳ ನಡುವೆ ಹತ್ತು ಹನ್ನೆರಡು ಸೆಕೆಂಡುಗಳ ಅಂತರ. ಕಾನೂನಿನ ಕಣ್ಣಿಗೆ ಅವೆರಡರ ನಡುವೆ ಒಂದು ಹೊಳೆಯೇ ಹರಿಯುತ್ತದೆ. ತನ್ನ ದೇಹವನ್ನಷ್ಟೇ ಅಲ್ಲ, ಇನ್ನೊಬ್ಬರ ದೇಹವನ್ನು ರಕ್ಷಿಸುವ ಹಕ್ಕನ್ನೂ ನ್ಯಾಯ ಸಂಹಿತೆಯ 35ನೇ ಕಲಂ ಕೊಡುತ್ತದೆ. ಸಾವು ಅಥವಾ ತೀವ್ರ ಗಾಯ ಆಗಿಯೇ ತೀರುತ್ತದೆ ಎಂಬ ಭಯಕ್ಕೆ ಆಧಾರವಿದ್ದಾಗ ಆ ಹಕ್ಕು ದಾಳಿಕೋರನ ಪ್ರಾಣದವರೆಗೂ ಹೋಗಬಹುದು ಎಂದು 38ನೇ ಕಲಂ ಹೇಳುತ್ತದೆ. ಆದರೆ 40ನೇ ಕಲಂ ಪ್ರಕಾರ ಆ ಹಕ್ಕಿನ ಆಯಸ್ಸು ಭಯದ ಆಯಸ್ಸಿನಷ್ಟೇ. ಓಡಿಹೋಗುವ ವಾಹನದಿಂದ ಅಜ್ಜನಿಗೆ ಯಾವ ಭಯವೂ ಉಳಿದಿರಲಿಲ್ಲ. ಮೊದಲ ಗುಂಡಿಗೆ ನಾನು ಯಾವ ನ್ಯಾಯಾಧೀಶರ ಮುಂದೆ ಬೇಕಾದರೂ ತಲೆಯೆತ್ತಿ ನಿಲ್ಲಬಲ್ಲೆ. ಎರಡನೆಯದಕ್ಕೆ ನಿಲ್ಲಲಾರೆ ಎಂದು ಯಜಮಾನರಿಗೆ ಮೊದಲ ದಿನವೇ ಹೇಳಿದ್ದೆ.

ಎರಡು ಕರೆಗಳು

ಗುಂಡು ಹಾರಿದ ಐದಾರು ನಿಮಿಷಕ್ಕೆ ಯಜಮಾನರೇ 112ಕ್ಕೆ ಕರೆ ಮಾಡಿದರು. ಇಡೀ ರಾತ್ರಿಯಲ್ಲಿ ಅವರು ತೆಗೆದುಕೊಂಡ ಅತ್ಯಂತ ಒಳ್ಳೆಯ ನಿರ್ಧಾರ ಇದು. ಆ ಕರೆ ರೆಕಾರ್ಡ್ ಆಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮುಂದೆ ಅದನ್ನು ನಾನು ಹತ್ತಾರು ಸಲ ಕೇಳಿದ್ದೇನೆ. ಅವರು ಹೇಳಿದ್ದು:

“ನಮ್ಮ ಕಣಕ್ಕೆ ಅಡಿಕೆ ಕಳ್ಳರು ಬಂದಿದ್ದರು. ನಾನು ಗುಂಡು ಹೊಡೆದೆ. ಒಬ್ಬ ಬಿದ್ದಿದ್ದಾನೆ. ಬೇಗ ಬನ್ನಿ.”

ಯಾವ ಊರು ಎಂದು ಕೇಳಿದರೆ ಊರ ಹೆಸರು ಹೇಳಿ, “ನಮ್ಮ ತೋಟ ಎಂದರೆ ಯಾರಾದರೂ ತೋರಿಸುತ್ತಾರೆ” ಎಂದರು. ನಡುರಾತ್ರಿ ಎರಡು ಗಂಟೆಗೆ ತೋರಿಸುವವರು ಯಾರು? ಯಾರಿಗೆ ಗಾಯವಾಗಿದೆ ಎಂದು ಕೇಳಿದರೆ “ಕಳ್ಳನಿಗೆ” ಎಂದರು. ಅಜ್ಜನ ಹೆಸರೇ ಬರಲಿಲ್ಲ. ಮಚ್ಚಿನ ಮಾತೂ ಇಲ್ಲ, ರಾಡಿನ ಮಾತೂ ಇಲ್ಲ.

ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಆದರೂ ಅದನ್ನು ಕೇಳಿದವರಿಗೆ ಕಾಣುವ ಚಿತ್ರ ಒಂದೇ: ಅಡಿಕೆ ಚೀಲ ಉಳಿಸಿಕೊಳ್ಳಲು ಒಬ್ಬ ಮನುಷ್ಯನ ಮೇಲೆ ಗುಂಡು ಹಾರಿಸಿದವರು. ಬರೀ ಕಳ್ಳತನ ತಡೆಯಲು ಪ್ರಾಣ ತೆಗೆಯುವ ಹಕ್ಕು ನಮ್ಮ ಕಾನೂನಿನಲ್ಲಿಲ್ಲ. ಕದ್ದದ್ದನ್ನು ಒಯ್ಯಲೆಂದು ಹೊಡೆದರೆ ಅದು ಸುಲಿಗೆಯಾಗುತ್ತದೆ, ಸುಲಿಗೆಯಾದರೆ 41ನೇ ಕಲಂ ಬೇರೆಯದೇ ಬಾಗಿಲು ತೆರೆಯುತ್ತದೆ. “ಕಳ್ಳರು ಬಂದಿದ್ದರು” ಎನ್ನುವುದಕ್ಕೂ “ನಮ್ಮ ಅಜ್ಜನನ್ನು ಮಚ್ಚಿನಿಂದ ಕಡಿಯಲು ಹೋಗಿದ್ದರು” ಎನ್ನುವುದಕ್ಕೂ ಇರುವ ಅಂತರ ಇದು. ತೋಟದವರ ಬಾಯಲ್ಲಿ ಮೊದಲನೆಯ ಮಾತು ತಾನಾಗಿ ಬರುತ್ತದೆ. ವರ್ಷವಿಡೀ ಅವರ ತಲೆಯಲ್ಲಿರುವ ಚಿಂತೆಯೇ ಅಡಿಕೆ ಕಳ್ಳರದು.

ಕೆಲವು ನಿಮಿಷಗಳ ನಂತರ ಸೊಸೆ 108ಕ್ಕೆ ಕರೆ ಮಾಡಿದರು. ಅವರು ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರು, ಹೇಳಬೇಕಾದ್ದನ್ನು ಅನುಕ್ರಮದಲ್ಲಿ ಹೇಳುವ ಅಭ್ಯಾಸ ಇದ್ದವರು. “ಇಬ್ಬರಿಗೆ ಗಾಯವಾಗಿದೆ. ಎಪ್ಪತ್ತು ವರ್ಷದ ಅಜ್ಜನ ತಲೆಗೆ ರಾಡಿನಿಂದ ಹೊಡೆದಿದ್ದಾರೆ, ರಕ್ತ ನಿಲ್ಲುತ್ತಿಲ್ಲ, ಮಾತಾಡುತ್ತಿದ್ದಾರೆ. ಹೊಡೆಯಲು ಬಂದವನಿಗೆ ತೊಡೆಯಲ್ಲಿ ಗುಂಡೇಟು. ಊರು ದಾಟಿ ಕೆರೆ ಏರಿ ಮುಗಿದ ತಕ್ಷಣ ಎಡಗಡೆ ಟ್ರಾನ್ಸ್‌ಫಾರ್ಮರ್ ಇದೆ, ಅಲ್ಲಿ ಬ್ಯಾಟರಿ ಹಿಡಿದು ಒಬ್ಬರನ್ನು ನಿಲ್ಲಿಸುತ್ತೇನೆ.” ಅತ್ತೆಯನ್ನೇ ಅಲ್ಲಿಗೆ ಕಳುಹಿಸಿ, ತಾವು ಒಂದು ಟವೆಲ್ ಅಜ್ಜನ ತಲೆಗೆ ಒತ್ತಿ, ಇನ್ನೊಂದನ್ನು ಬಿದ್ದವನ ತೊಡೆಯ ಗಾಯಕ್ಕೆ ಒತ್ತಿ ಹಿಡಿದು ಕುಳಿತರು. ಅಷ್ಟರಲ್ಲಿ ಸೇರಿದ್ದ ಅಕ್ಕಪಕ್ಕದ ತೋಟದವರು “ಅವನಿಗೇಕಮ್ಮ, ಬಿಡು” ಎಂದರು. ಅವರು ಬಿಡಲಿಲ್ಲ.

ಆ ಟವೆಲ್ಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಗಾಯಾಳು ಬದುಕಿದ. ಸತ್ತಿದ್ದರೆ ಇಡೀ ಪ್ರಕರಣ ಕೊಲೆಯ ಕಲಂನಿಂದ ಶುರುವಾಗುತ್ತಿತ್ತು. ಅದಕ್ಕಿಂತ ದೊಡ್ಡದು, ಹೊಡೆದು ಕೊಲ್ಲುವ ಉದ್ದೇಶ ಇದ್ದ ಮನೆಯವರು ರಕ್ತ ನಿಲ್ಲಿಸಲು ಕೂರುವುದಿಲ್ಲ. ಆಸ್ಪತ್ರೆಯ ವೈದ್ಯರು ತಮ್ಮ ದಾಖಲೆಯಲ್ಲಿ “ಗಾಯಕ್ಕೆ ಬಟ್ಟೆಯಿಂದ ಒತ್ತಡ ಹಾಕಿ ತರಲಾಗಿದೆ” ಎಂದು ಬರೆದ ಒಂದು ಸಾಲನ್ನು ಜಾಮೀನಿನ ವಾದದಲ್ಲಿ ನಾನು ಮೊದಲು ಓದಿದ್ದೆ.

ಕಣದಲ್ಲಿ ಸೇರಿದ ಜನ

ಆಂಬುಲೆನ್ಸ್ ಬಂದು ಇಬ್ಬರನ್ನೂ ಕರೆದೊಯ್ದ ಸ್ವಲ್ಪ ಹೊತ್ತಿಗೆ ಪೊಲೀಸರು ಬಂದರು. ಬಂದೂಕನ್ನು ಯಜಮಾನರು ಆಗಲೇ ಮಡಚಿ ತೆರೆದು, ಕಟ್ಟೆಯ ಮೇಲೆ ಇಟ್ಟು ದೂರ ನಿಂತಿದ್ದರು. ಕತ್ತಲಲ್ಲಿ ಕೈಯಲ್ಲಿ ಬಂದೂಕು ಹಿಡಿದವನನ್ನು ಕಂಡರೆ ಬರುವ ಪೊಲೀಸರಿಗೂ ಗಾಬರಿಯೇ. ಇದನ್ನು ಯಾರೂ ಹೇಳಿಕೊಡದೆ ಅವರು ಮಾಡಿದ್ದರು. ಮಚ್ಚು ಬಿದ್ದಲ್ಲೇ ಬಿದ್ದಿತ್ತು, ಅದರ ಮೇಲೆ ಒಂದು ಕುಕ್ಕೆ ಬೋರಲು ಹಾಕಿದ್ದರು.

ಕೆಟ್ಟದ್ದು ನಡೆದದ್ದು ಪೊಲೀಸರು ಬರುವುದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ. ಇಪ್ಪತ್ತು ಮೂವತ್ತು ಜನ ಸೇರಿದ್ದರು. ಬೆನ್ನು ತಟ್ಟುವವರು, “ನೀವು ಮಾಡಿದ್ದೇ ಸರಿ” ಎನ್ನುವವರು. ಕೈ ಇನ್ನೂ ನಡುಗುತ್ತಿದ್ದ ಯಜಮಾನರು ಆ ಬೆನ್ನು ತಟ್ಟುವಿಕೆಗೆ ಸೋತು ಒಂದು ಮಾತು ಆಡಿಬಿಟ್ಟರು: “ಇನ್ನೊಬ್ಬನನ್ನೂ ಬಿಡುತ್ತಿರಲಿಲ್ಲ, ಗಾಡಿ ತಪ್ಪಿಸಿಕೊಂಡಿತು.” ಯಾರೋ ಹುಡುಗ ಮೊಬೈಲಿನಲ್ಲಿ ಹಿಡಿದ. ಬೆಳಗಾಗುವಷ್ಟರಲ್ಲಿ ಅದು ಊರಿನವರ ವಾಟ್ಸ್ಆ್ಯಪ್ ಸ್ಟೇಟಸ್ ಆಗಿತ್ತು, ಮೇಲೆ ಸಿಂಹದ ಚಿತ್ರ.

ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹೇಳುತ್ತದೆ. ಜನ ಇದನ್ನು ಅರ್ಧ ತಿಳಿದು, “ಪೊಲೀಸರ ಮುಂದೆ ಮಾತಾಡಬೇಡ” ಎಂದು ಹೇಳುತ್ತಾರೆ. ನೆರೆಯವರ ಮುಂದೆ ಆಡಿದ ಮಾತಿಗೆ ಆ ರಕ್ಷಣೆ ಇಲ್ಲ. ಜಾಮೀನು ಅರ್ಜಿಗೆ ಸರ್ಕಾರಿ ಅಭಿಯೋಜಕರು ಸಲ್ಲಿಸಿದ ತಕರಾರಿನಲ್ಲಿ ಮೊದಲ ಅಂಶವೇ ಈ ಹನ್ನೊಂದು ಸೆಕೆಂಡಿನ ವಿಡಿಯೊ. ಯಜಮಾನರು ಹಾಗೆ ಮಾಡುವವರೇ ಅಲ್ಲ ಎಂದು ನನಗೆ ಗೊತ್ತು. ನ್ಯಾಯಾಲಯ ನೋಡುವುದು ಆ ಹನ್ನೊಂದು ಸೆಕೆಂಡುಗಳನ್ನು.

ಖಾಲಿ ಕಾಡತೂಸು

ಬೆಳಗಿನ ಆರೂಕಾಲಿಗೆ ಯಜಮಾನರ ಭಾವಮೈದುನ ನನಗೆ ಫೋನ್ ಮಾಡಿದರು. ಯಜಮಾನರನ್ನು ಠಾಣೆಗೆ ಕರೆದೊಯ್ದಿದ್ದರು, ಇನ್ನೂ ಬಂಧನ ಎಂದು ಹೇಳಿರಲಿಲ್ಲ. ಎಷ್ಟು ಗುಂಡು ಎಂದು ಕೇಳಿದೆ. “ಒಂದು” ಎಂದರು. ಖಾಲಿ ಕಾಡತೂಸು ಎಲ್ಲಿ ಎಂದೆ. ಆ ಕಡೆ ಮೌನ.

ಕೊನೆಗೆ ಬಾಯಿ ಬಿಟ್ಟರು. ಬಂದೂಕು ತೆರೆದಾಗ ಕೆಳಗೆ ಬಿದ್ದ ಎರಡರಲ್ಲಿ ಒಂದನ್ನು ಎತ್ತಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡಿದ್ದರು. ಬಾವಿಗೆ ಎಸೆಯುವ ಯೋಚನೆ. ಊರಿನ ಒಬ್ಬ ಮುಖಂಡರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, “ಬಂದೂಕು ಕಿತ್ತುಕೊಳ್ಳಲು ಬಂದಾಗ ತಾನಾಗಿ ಹಾರಿತು ಎಂದು ಹೇಳಿಬಿಡಿ” ಎಂದು ಕಥೆ ಕಟ್ಟಿಕೊಟ್ಟಿದ್ದರು.

ಭಾವಮೈದುನನ ಮೇಲೆ ನನಗೆ ಸಿಟ್ಟಿಲ್ಲ. ಅಕ್ಕನ ಗಂಡನನ್ನು ಉಳಿಸಬೇಕೆಂಬ ಪ್ರೀತಿಯಲ್ಲೇ ಅವರು ಹಾಗೆ ಮಾಡಿದ್ದು. ಆದರೆ ತಾನಾಗಿ ಹಾರಿತು ಎಂದ ಮರುಕ್ಷಣವೇ ಆತ್ಮರಕ್ಷಣೆಯ ವಾದ ಮುರಿದುಬೀಳುತ್ತದೆ. ರಕ್ಷಣೆಗಾಗಿ ಹಾರಿಸಿದೆ ಎನ್ನುವವನು ಮೊದಲು ಹಾರಿಸಿದ್ದನ್ನು ಒಪ್ಪಲೇಬೇಕು. ಇನ್ನು ಮೂವತ್ತು ಅಡಿ ದೂರದ ಚರೆಗಳು ಹರಡುವ ಬಗೆ ಬೇರೆ, ಕೈಗೆ ಕೈ ತಾಗುವ ದೂರದ ಗಾಯವೇ ಬೇರೆ. ವಿಧಿವಿಜ್ಞಾನದವರಿಗೆ ಅದು ಒಂದು ನೋಟದ ಕೆಲಸ. ವಾಹನ ಸಿಕ್ಕ ದಿನ ಹಿಂಬಾಗಿಲಿನ ತೂತುಗಳು ಎರಡನೆಯ ಗುಂಡಿನ ಕಥೆ ಹೇಳುತ್ತವೆ. ಸಾಕ್ಷ್ಯ ಮರೆಮಾಚಿದ್ದಕ್ಕೆ ನ್ಯಾಯ ಸಂಹಿತೆಯ 238ನೇ ಕಲಂ ಬೇರೆ ಸೇರಿಕೊಂಡು ಭಾವಮೈದುನನೂ ಆರೋಪಿಯಾಗುತ್ತಾರೆ.

“ಬಾವಿಯ ಹತ್ತಿರಕ್ಕೂ ಹೋಗಬೇಡಿ. ಅದನ್ನು ಒಂದು ಕಾಗದದಲ್ಲಿ ಸುತ್ತಿ, ಮಹಜರಿಗೆ ಅಧಿಕಾರಿ ಬಂದಾಗ ಅವರ ಕೈಗೆ ಕೊಡಿ. ಎಲ್ಲಿಂದ ಎತ್ತಿದಿರಿ, ಏಕೆ ಎತ್ತಿದಿರಿ ಎಂಬುದನ್ನು ಇದ್ದಹಾಗೆ ಹೇಳಿ” ಎಂದೆ. ಅವರು ಅತ್ತರು. ಆದರೂ ಹಾಗೆಯೇ ಮಾಡಿದರು. ತನಿಖೆ, ಬಂಧನಗಳ ಕ್ರಮವನ್ನು ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಜಪ್ತಿಯನ್ನು ವಿಡಿಯೊ ಮಾಡಬೇಕು. ಆ ವಿಡಿಯೊದಲ್ಲಿ ಅವರು ನಡುಗುವ ಕೈಯಿಂದ ಕಾಗದ ಬಿಚ್ಚುವುದು, “ಭಯಕ್ಕೆ ಎತ್ತಿಕೊಂಡಿದ್ದೆ ಸ್ವಾಮಿ, ಎರಡು ಸಲ ಹಾರಿದ್ದು ನಿಜ” ಎನ್ನುವುದು ದಾಖಲಾಗಿದೆ. ಆ ಕ್ಷಣದಿಂದ ತನಿಖಾಧಿಕಾರಿ ಈ ಮನೆಯವರ ಉಳಿದ ಮಾತುಗಳನ್ನು ಕೇಳುವ ರೀತಿಯೇ ಬದಲಾಯಿತು ಎಂದು ನಾನು ನಂಬಿದ್ದೇನೆ.

ನಾನು ಕೊಟ್ಟ ತಪ್ಪು ಸಲಹೆ

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಅದೇ ಫೋನಿನಲ್ಲಿ ನಾನು, “ನಾನು ಬರುವವರೆಗೆ ಮನೆಯವರು ಯಾರೂ ಏನೂ ಹೇಳಬಾರದು” ಎಂದಿದ್ದೆ. ಯಜಮಾನರ ಮಟ್ಟಿಗೆ ಅದು ಸರಿಯಾದ ಸಲಹೆ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದು ಎಂಬ ಸಂವಿಧಾನದ 20(3)ನೇ ವಿಧಿಯ ರಕ್ಷಣೆ ಪೊಲೀಸ್ ವಿಚಾರಣೆಯ ಹಂತಕ್ಕೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ನಂದಿನಿ ಸತ್ಪತಿ ಪ್ರಕರಣದಲ್ಲೇ ಹೇಳಿದೆ. ಬಂಧನವಾದರೆ ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕು ಸುರಕ್ಷಾ ಸಂಹಿತೆಯ 38ನೇ ಕಲಂನಲ್ಲಿದೆ. ನಿದ್ದೆಯಿಲ್ಲದ, ಕಿವಿಯಲ್ಲಿ ಇನ್ನೂ ಗುಂಡಿನ ಸದ್ದು ಮೊರೆಯುತ್ತಿರುವ ಮನುಷ್ಯ ಅಡಿ, ಸೆಕೆಂಡುಗಳ ಲೆಕ್ಕ ಹೇಳಹೊರಟರೆ ತಪ್ಪು ಹೇಳುವುದೇ ಹೆಚ್ಚು.

ಆದರೆ ಸೊಸೆ ಆರೋಪಿಯಲ್ಲ. ಅಜ್ಜ ಆರೋಪಿಯಲ್ಲ. ದಾಳಿಗೆ ಒಳಗಾದವರು ಅವರು. ಅವರ ಬಾಯಿಯನ್ನೂ ನಾನು ಮುಚ್ಚಿಸಿದೆ. ನಾನು ಠಾಣೆ ತಲುಪುವುದರೊಳಗೆ, ಆಸ್ಪತ್ರೆಯಲ್ಲಿ ಎಚ್ಚರವಿದ್ದ ಗಾಯಾಳು ಹೇಳಿಕೆ ಕೊಟ್ಟಾಗಿತ್ತು: ಅಡಿಕೆ ಚೀಲ ತುಂಬಲು ಕೂಲಿಗೆ ಕರೆದಿದ್ದರು, ಹಳೆಯ ಬಾಕಿ ಕೇಳಿದ್ದಕ್ಕೆ ಗುಂಡು ಹಾರಿಸಿದರು ಎಂದು. ಅದರ ಮೇಲೆ ನ್ಯಾಯ ಸಂಹಿತೆಯ 109ನೇ ಕಲಂ, ಅಂದರೆ ಕೊಲೆ ಯತ್ನದ ಎಫ್‌ಐಆರ್ ದಾಖಲಾಯಿತು. ಅದರ ಜೊತೆಗೆ ಶಸ್ತ್ರಾಸ್ತ್ರ ಕಾಯ್ದೆ. ನಮ್ಮ ದೂರು ಎರಡನೆಯದಾಯಿತು, ಎಲ್ಲರ ಬಾಯಲ್ಲೂ “ಕೌಂಟರ್ ಕೇಸು” ಎನಿಸಿಕೊಂಡಿತು. ಆ ಫೋನ್ ಮುಗಿದ ಕೂಡಲೇ ಸೊಸೆ ಒಂದು ಪುಟದ ದೂರು ಬರೆದುಕೊಟ್ಟಿದ್ದರೆ ಅದೇ ಮೊದಲ ವರ್ತಮಾನವಾಗುತ್ತಿತ್ತು. ಗುಂಡು ಹಾರಿಸಿದವರು ಮೌನವಾಗಿರುವುದು ಬೇರೆ, ಮನೆಯೇ ಮೌನವಾಗುವುದು ಬೇರೆ ಎಂಬುದನ್ನು ನಾನು ಕಲಿತದ್ದು ಈ ಮನೆಯವರ ಹನ್ನೆರಡು ದಿನಗಳ ಸಂಕಟದ ಬೆಲೆ ತೆತ್ತು. ಯಜಮಾನರನ್ನು ಆ ಸಂಜೆ ಬಂಧಿಸಿದರು. ಅವರು ಅಷ್ಟು ದಿನ ನ್ಯಾಯಾಂಗ ಬಂಧನದಲ್ಲಿದ್ದರು.

ಮುಂದೆ ನಡೆದದ್ದು

ಮೂರನೆಯ ದಿನವೇ 112 ಮತ್ತು 108ರ ಕರೆಗಳ ಧ್ವನಿಮುದ್ರಣವನ್ನು ಕಾಯ್ದಿರಿಸುವಂತೆ ತನಿಖಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದೆ, ನ್ಯಾಯಾಲಯಕ್ಕೂ ಅರ್ಜಿ ಹಾಕಿದೆ. ಇಂಥ ಮುದ್ರಣಗಳು ಎಂದೆಂದಿಗೂ ಇರುತ್ತವೆ ಎಂದು ಕೂರಬಾರದು. ಎಲೆಕ್ಟ್ರಾನಿಕ್ ದಾಖಲೆಗೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರದೊಂದಿಗೆ ಅವು ಬಂದವು.

ಯಜಮಾನರ ಕರೆಯನ್ನು ಮೊದಲ ಸಲ ಕೇಳಿದಾಗ ನನಗೆ ಎದೆ ಒಡೆದಂತಾಯಿತು. ಬರೀ ಕಳ್ಳರ ಮಾತು. ಎರಡನೆಯ ಸಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಅವರ ದನಿಯ ಹಿಂದೆ, ದೂರದಲ್ಲಿ, ಹೆಣ್ಣಿನ ದನಿಯೊಂದು ಕೂಗುತ್ತಿತ್ತು: “ಅಜ್ಜನ ತಲೆಯಿಂದ ರಕ್ತ ನಿಲ್ಲುತ್ತಿಲ್ಲ ಮಾವ, ಆ ಮಚ್ಚು ಮುಟ್ಟಬೇಡಿ.” ಘಟನೆಯ ಜೊತೆಜೊತೆಗೇ ಬಾಯಿಂದ ಹೊರಟ, ಯೋಚಿಸಿ ಕಟ್ಟಲು ಸಮಯವೇ ಇಲ್ಲದ ಮಾತು. ಅಂಥ ಮಾತಿಗೆ ಸಾಕ್ಷ್ಯ ಅಧಿನಿಯಮದ 4ನೇ ಕಲಂನಲ್ಲಿ ಜಾಗವಿದೆ. ಕೂಲಿ ಬಾಕಿಯ ಕಥೆ ಅಲ್ಲಿಗೆ ನಿಂತುಹೋಯಿತು.

ಸೆಷನ್ಸ್ ನ್ಯಾಯಾಲಯ ಜಾಮೀನು ಕೊಟ್ಟಿತು. ಓಡಿಹೋದ ಮೂವರಲ್ಲಿ ಇಬ್ಬರು ವಾಹನದೊಂದಿಗೆ ಸಿಕ್ಕರು, ಹಿಂಬಾಗಿಲಿನ ತೂತುಗಳೂ ಸಿಕ್ಕವು. ಭಾವಮೈದುನ ಕೊಟ್ಟಿದ್ದ ಕಾಡತೂಸಿಗೆ ಅವು ಸರಿಹೊಂದಿದವು, ಯಾರ ಮಾತೂ ಸುಳ್ಳಾಗಲಿಲ್ಲ. ಆ ಕಳ್ಳರ ಮೇಲೆ ಗಾಯಗೊಳಿಸಿ ಸುಲಿಗೆ ಯತ್ನ ಮಾಡಿದ ಆರೋಪಪಟ್ಟಿ ಸಲ್ಲಿಕೆಯಾಗಿದೆ. ಯಜಮಾನರ ಮೇಲಿನ ಅಂತಿಮ ವರದಿಯಲ್ಲಿ ತನಿಖಾಧಿಕಾರಿ ಕೊಲೆ ಯತ್ನದ ಕಲಂ ಕೈಬಿಟ್ಟರು. ಮೊದಲ ಗುಂಡು ಖಾಸಗಿ ರಕ್ಷಣೆಯ ಹಕ್ಕಿನೊಳಗೆ ಬರುತ್ತದೆ ಎಂದು ಬರೆದರು. ಎರಡನೆಯದಕ್ಕೆ, ಇತರರ ಜೀವಕ್ಕೆ ಅಪಾಯ ತರುವ ದುಡುಕಿನ ಕೃತ್ಯ ಎಂದು ನ್ಯಾಯ ಸಂಹಿತೆಯ 125ನೇ ಕಲಂ, ಪರವಾನಗಿ ಷರತ್ತು ಮೀರಿದ್ದಕ್ಕೆ ಶಸ್ತ್ರಾಸ್ತ್ರ ಕಾಯ್ದೆಯ 30ನೇ ಕಲಂ ಉಳಿದಿವೆ. ಆ ಪ್ರಕರಣ ನಡೆಯುತ್ತಿದೆ. ಬಂದೂಕು ಠಾಣೆಯಲ್ಲಿದೆ, ಪರವಾನಗಿ ಅಮಾನತಿನಲ್ಲಿದೆ. ನನಗೆ ಕೇಳಿದರೆ ಇದು ನ್ಯಾಯವಾದ ವಿಂಗಡಣೆ. ಯಜಮಾನರೂ ಅದನ್ನು ಒಪ್ಪಿಕೊಂಡಿದ್ದಾರೆ.

ಆತ್ಮರಕ್ಷಣೆಯನ್ನು ಸಾಬೀತುಪಡಿಸುವ ಹೊಣೆ ಅದನ್ನು ಹೇಳುವವರ ಮೇಲಿದೆ ಎಂಬುದು ನಿಜ. ಆದರೆ ಅಭಿಯೋಜನೆಯಂತೆ ಸಂಶಯಾತೀತವಾಗಿ ತೋರಿಸಬೇಕಿಲ್ಲ, ಸಂಭವನೀಯತೆಯ ತಕ್ಕಡಿ ತನ್ನ ಕಡೆ ವಾಲಿದರೆ ಸಾಕು. ಪ್ರಾಣಭಯದಲ್ಲಿರುವವನು ಪ್ರತಿದಾಳಿಯನ್ನು ಚಿನ್ನದ ತಕ್ಕಡಿಯಲ್ಲಿ ತೂಗಿ ಮಾಡಲಾರ ಎಂಬುದನ್ನು ಸುಪ್ರೀಂ ಕೋರ್ಟಿನ 2010ರ ದರ್ಶನ್ ಸಿಂಗ್ ತೀರ್ಪೂ ಒಪ್ಪುತ್ತದೆ. ಆ ತಕ್ಕಡಿಗೆ ನಾವು ಹಾಕಿದ ಕಲ್ಲುಗಳೆಲ್ಲ ಆ ರಾತ್ರಿಯವೇ: ಒಂದು ಕರೆಯ ಹಿಂದಿನ ದನಿ, ಇನ್ನೊಂದು ಕರೆಯ ಸ್ಪಷ್ಟ ಮಾತು, ಎರಡು ಟವೆಲ್, ಬೋರಲು ಹಾಕಿದ ಕುಕ್ಕೆ, ಕಾಗದದಲ್ಲಿ ಸುತ್ತಿದ ಕಾಡತೂಸು.

ಈಗ ನನ್ನ ಬಳಿ ಪರವಾನಗಿ ನವೀಕರಣಕ್ಕೆಂದು ಬರುವ ತೋಟದವರಿಗೆ ನಾನು ಒಂದು ಮಾತು ಬಾಯಿಪಾಠ ಮಾಡಿಸುತ್ತೇನೆ. ಎಲ್ಲಿದ್ದೀರಿ, ಯಾರು ಯಾವ ಆಯುಧದಿಂದ ಯಾರ ಮೇಲೆ ಬಿದ್ದರು, ಎಷ್ಟು ಜನಕ್ಕೆ ಗಾಯ, ಗುಂಡು ಹಾರಿಸಬೇಕಾಯಿತು, ಆಂಬುಲೆನ್ಸ್ ಮತ್ತು ಪೊಲೀಸ್ ಎರಡೂ ಬೇಕು. ಇಷ್ಟು ಹೇಳಿ. ಬಂದವರಿಗೆ ಆಯುಧ ತೋರಿಸಿ, ಸಾಕ್ಷಿಗಳನ್ನು ತೋರಿಸಿ, “ಉಳಿದದ್ದನ್ನು ವಕೀಲರು ಬಂದ ಮೇಲೆ ಪೂರ್ತಿ ಹೇಳುತ್ತೇನೆ” ಎಂದು ನಿಲ್ಲಿಸಿ. ಬೆನ್ನು ತಟ್ಟಲು ಬಂದವರನ್ನು ಮನೆಗೆ ಕಳುಹಿಸಿ. ದೂರನ್ನು ಏಟು ತಿಂದವರಿಂದ ಅಥವಾ ಕಣ್ಣಾರೆ ಕಂಡವರಿಂದ ತಕ್ಷಣ ಕೊಡಿಸಿ.

ಕಳೆದ ಕೊಯ್ಲಿಗೆ ಆ ತೋಟಕ್ಕೆ ಹೋಗಿದ್ದೆ. ಅಜ್ಜ ಬದುಕಿದ್ದಾರೆ, ಬಲಗಿವಿ ಮಾತ್ರ ಕೇಳಿಸುವುದಿಲ್ಲ. ಕಣಕ್ಕೆ ದೊಡ್ಡ ದೀಪ ಹಾಕಿಸಿದ್ದಾರೆ. ಪಂಪ್‌ಹೌಸಿನ ಬಾಗಿಲಿನ ಒಳಗಡೆ, ಮಳೆ ತಾಗದ ಜಾಗದಲ್ಲಿ, ಸೊಸೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ ಒಂದು ಹಾಳೆ ಇತ್ತು: ಊರು, ಸರ್ವೆ ನಂಬರು, ಟ್ರಾನ್ಸ್‌ಫಾರ್ಮರಿನ ಮೇಲಿನ ಸಂಖ್ಯೆ, “ಕೆರೆ ಏರಿ ಮುಗಿದ ತಕ್ಷಣ ಎಡಕ್ಕೆ”, 112, 108. ಅದರ ಕೆಳಗೆ, ಬೇರೆ ಬಣ್ಣದ ಪೆನ್ನಿನಲ್ಲಿ ಯಜಮಾನರ ಕೈಬರಹ: “ಮೊದಲು ಅಜ್ಜನ ಹೆಸರು ಹೇಳುವುದು.”